ವಯಸ್ಕರ ಪಿಯಾನೊ ಪಾಠಪುಸ್ತಕ: ಎರಡು ಕೈ ಕೂಡುವಲ್ಲಿ ನಿಂತುಹೋಗಿದ್ದೇನೆ

ಕೆರೆದಂಡೆ · ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೀಗ 46 ವರ್ಷ. ಬ್ಯಾಂಕೊಂದರ ಶಾಖೆಯಲ್ಲಿ ಸಾಲ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಮೇಷ್ಟರ ಬೆರಳುಗಳನ್ನೇ ನೋಡುತ್ತ ನಿಲ್ಲುತ್ತಿದ್ದುದನ್ನು ಬಿಟ್ಟರೆ ನನಗೆ ಸಂಗೀತದ ಅಭ್ಯಾಸ ಯಾವುದೂ ಇರಲಿಲ್ಲ. ಐದು ತಿಂಗಳ ಹಿಂದೆ 88 ಕೀಗಳ ಒಂದು ಡಿಜಿಟಲ್ ಪಿಯಾನೊ ಕೊಂಡೆ. ವಯಸ್ಕರಿಗೆಂದೇ ಬರೆದ ಪಾಠಪುಸ್ತಕವೊಂದನ್ನು ತರಿಸಿಕೊಂಡು, ಗುರುಗಳಿಲ್ಲದೆ ಕಲಿಯತೊಡಗಿದೆ. ರಾತ್ರಿ ಊಟ ಮುಗಿದ ಮೇಲೆ, ಒಂಬತ್ತೂವರೆಯ ಸುಮಾರಿಗೆ, ಹೆಡ್‌ಫೋನ್ ಹಾಕಿಕೊಂಡು ನಲವತ್ತು ನಿಮಿಷ ಕೂರುತ್ತೇನೆ. ವಾರದಲ್ಲಿ ಐದು ದಿನವಾದರೂ ತಪ್ಪಿಸಿಲ್ಲ.

ಮೊದಲ 40 ಪುಟಗಳು ಸಲೀಸಾಗಿ ಸಾಗಿದವು. ಬಲಗೈಯ ಐದು ಬೆರಳನ್ನು ನಡುವಿನ ಸಿ ಇಂದ ಜಿ ವರೆಗಿನ ಐದು ಬಿಳಿ ಕೀಗಳ ಮೇಲಿಟ್ಟು (ಇಲ್ಲಿ ಸ್ವರಗಳಿಗೆ ಎ ಇಂದ ಜಿ ವರೆಗಿನ ಇಂಗ್ಲಿಷ್ ಅಕ್ಷರಗಳೇ ಹೆಸರು), ಎಡಗೈಯನ್ನು ಅದರ ಕೆಳಗಿನ ಸಿ ಇಂದ ಹಾಗೆಯೇ ಇಟ್ಟು, ಪುಟದ ಮೇಲೆ ಬರೆದಂತೆ ಒತ್ತುತ್ತ ಹೋದರೆ ಹಾಡು ತಾನಾಗಿ ಬರುತ್ತಿತ್ತು. ಆದರೆ ಈಗ 3/4 ತಾಳದ ಒಂದು ಪುಟ್ಟ ರಚನೆಯಲ್ಲಿ, ಬಲಗೈ ಹಾಡನ್ನೂ ಎಡಗೈ ಪ್ರತಿ ಬಾರ್‌ಗೆ (ಮೂರು ಎಣಿಕೆಯ ಒಂದು ಸುತ್ತಿಗೆ) ಒಂದು ಕಾರ್ಡನ್ನೂ (ಒಟ್ಟಿಗೆ ಒತ್ತುವ ಸ್ವರಗಳ ಗುಂಪನ್ನೂ) ನುಡಿಸಬೇಕಾದ ಜಾಗದಲ್ಲಿ, ಐದು ವಾರಗಳಿಂದ ಸಿಕ್ಕಿಹಾಕಿಕೊಂಡಿದ್ದೇನೆ. ಬಲಗೈ ಒಂದನ್ನೇ ನುಡಿಸಿದರೆ ಬರುತ್ತದೆ, ಎಡಗೈ ಒಂದನ್ನೇ ನುಡಿಸಿದರೂ ಬರುತ್ತದೆ. ಎರಡನ್ನೂ ಕೂಡಿಸಿದರೆ ಪ್ರತಿ ಬಾರ್ ಮುಗಿಯುವ ಗೆರೆಯ ಹತ್ತಿರವೂ ರೈಲ್ವೆ ಗೇಟು ಹಾಕಿದಂತೆ ಎಲ್ಲವೂ ನಿಂತುಬಿಡುತ್ತದೆ. ಈ ಪುಸ್ತಕವನ್ನು ಬಿಟ್ಟು ಬೇರೊಂದನ್ನು ಹಿಡಿಯಬೇಕೆ, ಅಥವಾ ಈ ವಯಸ್ಸಿಗೆ ಇಷ್ಟೇ ಎಂದು ಒಪ್ಪಿಕೊಳ್ಳಬೇಕೆ? ಸಹೋದ್ಯೋಗಿಯೊಬ್ಬರು ‘ಮೈಸೂರಿನಲ್ಲಿದ್ದುಕೊಂಡು ವೀಣೆಯನ್ನು ಬಿಟ್ಟು ಪಿಯಾನೊ ಯಾಕ್ರೀ?’ ಎಂದು ಕೇಳಿದ್ದೂ ಮನಸ್ಸಿನಲ್ಲಿ ಕೂತಿದೆ.

ಎಂಬತ್ತೆಂಟು ಮನೆ · ಬೆಂಗಳೂರು

ನಾನು ಇಪ್ಪತ್ತು ವರ್ಷಗಳಿಂದ ಪಿಯಾನೊ ಪಾಠ ಹೇಳುತ್ತಿದ್ದೇನೆ. ಈಚಿನ ವರ್ಷಗಳಲ್ಲಿ ನನ್ನ ಬಳಿ ಬರುವವರಲ್ಲಿ ನಲವತ್ತು ದಾಟಿದವರೇ ಹೆಚ್ಚು. ವಯಸ್ಸಿನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಪುಸ್ತಕವನ್ನೂ ಬದಲಾಯಿಸಬೇಡಿ. ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಂಡು ಬಂದು ಹೇಳಿ. ನಿಮಗೆ ಚೆನ್ನಾಗಿ ಬರುವ ಹಳೆಯ ಪುಟವೊಂದನ್ನು ತೆರೆಯಿರಿ. ಸ್ವರಗಳ ಮೇಲೆ ಅಚ್ಚಾಗಿರುವ ಬೆರಳಿನ ಸಂಖ್ಯೆಗಳನ್ನೆಲ್ಲ (ಹೆಬ್ಬೆರಳು 1, ಕಿರುಬೆರಳು 5) ಕಾಗದದ ಪಟ್ಟಿಯಿಂದ ಮುಚ್ಚಿ, ಪಿಯಾನೊದಿಂದ ದೂರ ಕುಳಿತು, ಸ್ವರಗಳ ಹೆಸರನ್ನು ಒಂದೊಂದಾಗಿ ಬಾಯಲ್ಲಿ ಹೇಳಿ. ಎಷ್ಟು ಸರಿಯಾಯಿತು, ಎಷ್ಟು ಹೊತ್ತಾಯಿತು ಎಂಬುದನ್ನು ಬರೆದುಕೊಳ್ಳಿ.

ಕೆರೆದಂಡೆ · ಮೈಸೂರು

ಮೇಡಂ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಕಣ್ಣು ಮುಚ್ಚಿ ನುಡಿಸಬಲ್ಲೆ ಎಂದುಕೊಂಡಿದ್ದ ಪುಟದಲ್ಲಿ 24 ಸ್ವರಗಳಿದ್ದವು. ಬಲಗೈಯದರಲ್ಲಿ ನಾಲ್ಕನ್ನು ತಪ್ಪಾಗಿ ಹೇಳಿದೆ. ಎಡಗೈಯದು ಬಂದಾಗಲಂತೂ ಒಂದೊಂದಕ್ಕೂ ಕೆಳಗಿನ ಗೆರೆಯಿಂದ ಎಣಿಸುತ್ತ ಮೇಲೆ ಹೋಗಬೇಕಾಯಿತು. ಒಟ್ಟು ಮೂರು ನಿಮಿಷ ಹಿಡಿಯಿತು. ನುಡಿಸುವಾಗ ನಾನು ಓದುತ್ತಿದ್ದುದು ಸ್ವರವನ್ನಲ್ಲ, ಅದರ ಮೇಲಿದ್ದ ಅಂಕಿಯನ್ನು ಎಂಬುದು ಆಗಲೇ ಹೊಳೆದದ್ದು. ನನ್ನ ಪಾಲಿಗೆ ಬಲಗೈಯ 3 ಎಂದರೆ ಇ ಆಗಿಬಿಟ್ಟಿತ್ತು. ಮುಂದಿನ ಪಾಠದಲ್ಲಿ ಕೈಯನ್ನು ಜಿ ಯ ಮೇಲೆ ಇಡಲು ಹೇಳಿದಾಗ ಅದೇ 3 ಬಿ ಆಯಿತು, ಮತ್ತು ಅಲ್ಲಿಂದಲೇ ನನ್ನ ತಡವರಿಕೆ ಶುರುವಾಗಿತ್ತು. ಎರಡು ಕೈ ಕೂಡಿಸುವ ಪುಟವೇ ತಪ್ಪಿತಸ್ಥ ಎಂದು ನಾನು ಇಷ್ಟು ದಿನ ತಿಳಿದಿದ್ದೆ.

ಎಂಬತ್ತೆಂಟು ಮನೆ · ಬೆಂಗಳೂರು

ನಾಚಿಕೆಪಡಬೇಕಾದ ಸಂಗತಿ ಇದರಲ್ಲಿ ಏನೂ ಇಲ್ಲ. ಪುಸ್ತಕ ಹಿಡಿದು ಒಬ್ಬರೇ ಕಲಿತು ಬಂದವರಲ್ಲಿ ಹೆಚ್ಚಿನವರನ್ನು ನಾನು ಇದೇ ಸ್ಥಿತಿಯಲ್ಲಿ ನೋಡಿದ್ದೇನೆ. ಕೈಯನ್ನು ಒಂದು ಜಾಗದಲ್ಲಿ ನೆಲೆಗೊಳಿಸಿ ಪಾಠ ಆರಂಭಿಸುವ ಪುಸ್ತಕಗಳು ಮೊದಲ ವಾರವೇ ನಿಮ್ಮ ಕೈಯಲ್ಲಿ ಹಾಡೊಂದನ್ನು ಇಟ್ಟು ಹುರುಪು ತುಂಬುತ್ತವೆ, ಅದು ಸಣ್ಣ ಉಪಕಾರವಲ್ಲ. ಆದರೆ ಐದು ಬೆರಳಿಗೆ ಐದೇ ಕೀ ಇರುವಷ್ಟು ಕಾಲ ಓದುವ ಅಗತ್ಯವೇ ಬೀಳುವುದಿಲ್ಲ, ಮತ್ತು ವಯಸ್ಕರ ಬುದ್ಧಿ ಇಂಥ ಅಡ್ಡದಾರಿಯನ್ನು ಮಕ್ಕಳಿಗಿಂತ ಬೇಗ ಕಂಡುಹಿಡಿಯುತ್ತದೆ. ಕೈ ಆ ಜಾಗವನ್ನು ಬಿಟ್ಟು ಕದಲಬೇಕಾದ ದಿನ ಸಾಲವೆಲ್ಲ ಬಡ್ಡಿಸಮೇತ ಎದುರು ನಿಲ್ಲುತ್ತದೆ. ನಿಮ್ಮ ಕೆಲಸದ ಭಾಷೆಯಲ್ಲೇ ಹೇಳಿದೆ, ತಪ್ಪು ತಿಳಿಯಬೇಡಿ.

ಮೊದಲು ಓದಿನ ಮಾತು. ಎಲ್ಲ ಗೆರೆಗಳ ಹೆಸರನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಬೇಡಿ. ಮೂರು ಗುರುತುಗಳು ಸಾಕು. ಮೇಲಿನ ಸ್ಟಾಫಿನಲ್ಲಿ, ಅಂದರೆ ಐದು ಗೆರೆಗಳ ಪಟ್ಟಿಯಲ್ಲಿ, ಟ್ರೆಬಲ್ ಕ್ಲೆಫ್‌ನ (ಸಾಲಿನ ಆರಂಭದ ಚಿಹ್ನೆಯ) ಸುರುಳಿ ಸುತ್ತಿಕೊಂಡಿರುವ, ಕೆಳಗಿನಿಂದ ಎರಡನೆಯ ಗೆರೆ ಜಿ. ಕೆಳಗಿನ ಸ್ಟಾಫಿನಲ್ಲಿ ಬಾಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವೆ ಹಾದುಹೋಗುವ ಗೆರೆ ಎಫ್. ಎರಡು ಸ್ಟಾಫಿನ ನಡುವೆ ತನ್ನದೇ ಪುಟ್ಟ ಗೆರೆಯ ಮೇಲೆ ಕುಳಿತಿರುವುದು ನಡುವಿನ ಸಿ. ಉಳಿದ ಸ್ವರಗಳನ್ನೆಲ್ಲ ಈ ಮೂರರಿಂದ ಎಷ್ಟು ದೂರ ಎಂದು ನೋಡಿಯೇ ಹಿಡಿಯಬೇಕು: ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಪಕ್ಕದ ಬಿಳಿ ಕೀ, ಗೆರೆಯಿಂದ ಪಕ್ಕದ ಗೆರೆಗೆ ಹೋದರೆ ನಡುವೆ ಒಂದು ಬಿಳಿ ಕೀ ಬಿಟ್ಟು ಮುಂದಿನದು. ಹೆಸರಿಗಿಂತ ದೂರವನ್ನು ಓದುವ ಕಣ್ಣು ಬೇಗ ತಯಾರಾಗುತ್ತದೆ. ಸೀಸದ ಕಡ್ಡಿ ತೆಗೆದುಕೊಂಡು, ಪ್ರತಿ ಸಾಲಿನ ಮೊದಲ ಸ್ವರದ ಮೇಲೆ ಮತ್ತು ಕೈ ಜಾಗ ಬದಲಿಸುವ ಕಡೆಗಳಲ್ಲಿ ಮಾತ್ರ ಬೆರಳಿನ ಸಂಖ್ಯೆಯನ್ನು ಉಳಿಸಿ, ಮಿಕ್ಕವನ್ನು ಹೊಡೆದುಹಾಕಿ.

ಇನ್ನು ಆ ರೈಲ್ವೆ ಗೇಟಿನ ಮಾತು. ನಿಮ್ಮ ಎಡಗೈ ಸಿ ಕಾರ್ಡ್‌ನಿಂದ ಜಿ7 ಕಾರ್ಡ್‌ಗೆ ಹೋಗುತ್ತಿದೆ ಎಂದು ಊಹಿಸುತ್ತೇನೆ. ಸಿ ಕಾರ್ಡ್‌ನಲ್ಲಿ ಕಿರುಬೆರಳು ಸಿ ಮೇಲೆ, ನಡುಬೆರಳು ಇ ಮೇಲೆ, ಹೆಬ್ಬೆರಳು ಜಿ ಮೇಲೆ ಇರುತ್ತವೆ. ಜಿ7 ಗೆ ಹೋಗುವಾಗ ಹೆಬ್ಬೆರಳು ಜಿ ಬಿಟ್ಟು ಕದಲುವುದೇ ಇಲ್ಲ. ಕಿರುಬೆರಳು ಪಕ್ಕದ ಬಿ ಗೆ ಒಂದೇ ಹೆಜ್ಜೆ ಹೊರಗೆ ಚಾಚುತ್ತದೆ. ನಡುಬೆರಳು ಮೇಲೆದ್ದು ತೋರುಬೆರಳು ತನ್ನ ಕೆಳಗೇ ಇರುವ ಎಫ್ ಅನ್ನು ಒತ್ತುತ್ತದೆ. ಅಂದರೆ ಇಡೀ ಕೈ ಎದ್ದು ಹಾರಬೇಕಾಗಿಲ್ಲ. ಹೆಬ್ಬೆರಳನ್ನು ಜಿ ಮೇಲೆ ಗೂಟ ಹೊಡೆದಂತೆ ಬಿಟ್ಟು, ಉಳಿದ ಎರಡು ಬೆರಳುಗಳನ್ನಷ್ಟೆ ಬದಲಿಸುತ್ತ, ಶಬ್ದವೇ ಬರದಷ್ಟು ಹಗುರವಾಗಿ ಕೀಗಳನ್ನು ಮುಟ್ಟಿ ಮುಟ್ಟಿ ಇಪ್ಪತ್ತು ಸಲ ಅತ್ತಿತ್ತ ಹೋಗಿ ಬನ್ನಿ. ಆಮೇಲೆ ಶಬ್ದ ಮಾಡಿ.

ಕೊನೆಯದಾಗಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವುದನ್ನು ಎರಡು ವಾರ ನಿಲ್ಲಿಸಿ. ಒಂದು ಬಾರ್‌ನ ಕೊನೆಯ ಎಣಿಕೆಯಿಂದ ಮುಂದಿನ ಬಾರ್‌ನ ಮೊದಲ ಎಣಿಕೆಯವರೆಗೆ ಮಾತ್ರ ಎರಡೂ ಕೈಯಲ್ಲಿ ನುಡಿಸಿ ನಿಲ್ಲಿಸಿ. ಇಡೀ ಪುಟದಲ್ಲಿ ಕಷ್ಟವಿರುವುದು ಅಷ್ಟರಲ್ಲೇ. ಪ್ರತಿ ಸಲವೂ ಮೊದಲಿನಿಂದ ಶುರುಮಾಡುವವರಿಗೆ ಮೊದಲ ಸಾಲು ಮಾತ್ರ ಚಿನ್ನದಂತೆ ಹೊಳೆಯುತ್ತದೆ, ಉಳಿದದ್ದು ತುಕ್ಕು ಹಿಡಿಯುತ್ತದೆ.

ಸರಳೆ ವರಸೆ · ಶಿವಮೊಗ್ಗ

ಮೇಡಂ ಅವರ ಮಾತಿಗೆ ನನ್ನದೊಂದು ಸಣ್ಣ ತಕರಾರು. ನಾನು ಕರ್ನಾಟಕ ಸಂಗೀತದಲ್ಲಿ ಹಾಡುವವಳು, ಪಿಯಾನೊ ಕಲಿಯಲು ಶುರುಮಾಡಿ ಎರಡು ವರ್ಷವಾಯಿತು. ಸಿ, ಡಿ, ಇ ಎಂಬ ಹೆಸರುಗಳಿಗಿಂತ ಸ ರಿ ಗ ಮ ಎಂದುಕೊಂಡೇ ಓದುವುದು ನನಗೆ ಸುಲಭವಾಯಿತು. ಸಿ ಯನ್ನು ಷಡ್ಜವೆಂದು ಇಟ್ಟುಕೊಂಡರೆ ಬಿಳಿ ಮನೆಗಳೆಲ್ಲ (ಕೀಗಳೆಲ್ಲ) ಶಂಕರಾಭರಣ ರಾಗ. ಪುಸ್ತಕದ ಹಾಡುಗಳು ಬೇಸರ ತಂದಾಗ ನಾನು ಮುತ್ತುಸ್ವಾಮಿ ದೀಕ್ಷಿತರ ನೊಟ್ಟು ಸ್ವರಗಳನ್ನು ಬಲಗೈಯಲ್ಲಿ ನುಡಿಸಿಕೊಳ್ಳುತ್ತಿದ್ದೆ. ಅವು ಪಾಶ್ಚಾತ್ಯ ಧಾಟಿಗಳನ್ನು ಕೇಳಿ ಕಟ್ಟಿದ ಸಂಸ್ಕೃತ ರಚನೆಗಳು, ಗಮಕ (ಸ್ವರವನ್ನು ಅಲುಗಿಸುವುದು) ಬೇಡುವುದಿಲ್ಲ, ಆದ್ದರಿಂದ ಪಿಯಾನೊದ ಮೇಲೆ ಸೊಟ್ಟಗಾಗುವುದಿಲ್ಲ. ‘ಸಂತತಂ ಪಾಹಿಮಾಂ’ ಎಂಬುದು ಇಂಗ್ಲೆಂಡಿನ ರಾಷ್ಟ್ರಗೀತೆಯದೇ ಧಾಟಿ; ಅದೂ 3/4 ತಾಳದಲ್ಲೇ ನಡೆಯುತ್ತದೆ. ಕೆರೆದಂಡೆಯವರು ಅದನ್ನೊಮ್ಮೆ ಪ್ರಯತ್ನಿಸಬಹುದು. ಆದರೆ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು (ಆರಂಭದ ಸ್ವರಾಭ್ಯಾಸವನ್ನು) ನುಡಿಸಲು ಹೋಗಬೇಡಿ: ರಿಷಭ, ಧೈವತ ಎರಡೂ ಕಪ್ಪು ಮನೆಗೆ ಹೋಗುವುದರಿಂದ ಹೊಸಬರ ಹೆಬ್ಬೆರಳು ದಾರಿ ತಪ್ಪುತ್ತದೆ. ನಾನೇ ಅನುಭವಿಸಿದ್ದೇನೆ.

ಎಂಬತ್ತೆಂಟು ಮನೆ · ಬೆಂಗಳೂರು

ನೊಟ್ಟು ಸ್ವರದ ಸಲಹೆ ಬಹಳ ಚೆನ್ನಾಗಿದೆ, ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಆದರೆ ಸ ರಿ ಗ ಮ ಎಂದು ಓದುವ ವಿಷಯದಲ್ಲಿ ಎಚ್ಚರ ಬೇಕು. ನಿಮ್ಮ ಷಡ್ಜ ಹಾಡುವವರ ಶ್ರುತಿಯೊಂದಿಗೆ ಕದಲುತ್ತದೆ: ನಿಮಗೆ ಅದು ಐದೂವರೆ ಮನೆಯಿರಬಹುದು, ನಿಮ್ಮ ಗುರುಗಳಿಗೆ ಒಂದು ಮನೆ. ಸ್ಟಾಫಿನ ಮೇಲಿನ ಸಿ ಎಂದಿಗೂ ಕದಲುವುದಿಲ್ಲ. ಪುಸ್ತಕ ಜಿ ಮೇಜರ್‌ಗೆ (ಜಿ ಯೇ ಆಧಾರ ಸ್ವರವಾದ ಸ್ಕೇಲಿಗೆ) ಹೋದ ದಿನ ನೀವು ಜಿ ಯನ್ನು ಸ ಎನ್ನುತ್ತೀರೋ ಪ ಎನ್ನುತ್ತೀರೋ ಎಂಬ ಗೊಂದಲ ಹುಟ್ಟುತ್ತದೆ. ಕಿವಿಗೆ ಸ್ವರ, ಕಣ್ಣಿಗೆ ಅಕ್ಷರ ಎಂದು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡವರು ತೊಂದರೆ ಪಡಲಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದವರು ಎರಡನೆಯ ವರ್ಷ ನನ್ನ ಬಳಿ ದೂರು ತಂದಿದ್ದಾರೆ.

ಸರಳೆ ವರಸೆ · ಶಿವಮೊಗ್ಗ

ಆ ದೂರು ತರುವವರ ಸಾಲಿನಲ್ಲಿ ನಾನೂ ನಿಲ್ಲಬೇಕಾದೀತು. ಎಫ್ ಮೇಜರ್ ಪಾಠಕ್ಕೆ ಬಂದಾಗ ನನಗೆ ಆದದ್ದು ಅದೇ.

ಹಿಮದಲ್ಲಿ ಹಲಸು · ನ್ಯೂ ಜೆರ್ಸಿ

ಬೆರಳಿನ ಸಂಖ್ಯೆಗಳನ್ನು ಇಷ್ಟೊಂದು ದೂಷಿಸುವುದನ್ನು ನಾನು ಒಪ್ಪುವುದಿಲ್ಲ. ಸಿ ಮೇಜರ್ ಸ್ಕೇಲನ್ನೇ ನೋಡಿ. ಬಲಗೈ 1-2-3 ಆದ ಮೇಲೆ ಹೆಬ್ಬೆರಳು ಅಂಗೈ ಕೆಳಗಿನಿಂದ ನುಸುಳಿ ಎಫ್ ಮೇಲೆ ಮತ್ತೆ 1 ಆಗಿ ಕೂರುತ್ತದೆ. ಎಫ್ ಮೇಜರ್‌ನಲ್ಲಿ ಬಿ ಫ್ಲ್ಯಾಟ್ ಕಪ್ಪು ಕೀ ಆದ್ದರಿಂದ ನಾಲ್ಕನೆಯ ಬೆರಳು ಅದರ ಮೇಲೆ ಹೋಗಿ, ಹೆಬ್ಬೆರಳು ಅದನ್ನು ದಾಟಿದ ಮೇಲೆ ಸಿ ಗೆ ಬರುತ್ತದೆ. ಇದನ್ನು ಪುಸ್ತಕ ಅಂಕಿಯಲ್ಲಿ ಹೇಳದಿದ್ದರೆ ಗುರುಗಳಿಲ್ಲದವನು ಯಾರನ್ನು ಕೇಳಬೇಕು? ನಾನು 52ನೆಯ ವಯಸ್ಸಿನಲ್ಲಿ ಆರಂಭಿಸಿದವನು. ಮನಸ್ಸಿಗೆ ಬಂದ ಬೆರಳನ್ನು ಹಾಕುತ್ತ ಕಲಿತ ಮೊದಲ ವರ್ಷದ ಕೆಟ್ಟ ಚಾಳಿಯನ್ನು ಬಿಡಿಸಿಕೊಳ್ಳಲು ಇನ್ನೊಂದು ವರ್ಷ ಬೇಕಾಯಿತು.

ಇನ್ನೊಂದು ಮಾತನ್ನು ಯಾರೂ ಹೇಳಲಿಲ್ಲ: ಕುರ್ಚಿ. ನಾನು ಮೊದಲ ಆರು ತಿಂಗಳು ಊಟದ ಮೇಜಿನ ಕುರ್ಚಿಯಲ್ಲಿ ಕುಳಿತು ನುಡಿಸಿ, ಎಡ ಮಣಿಕಟ್ಟಿನ ನೋವಿಗೆ ವೈದ್ಯರ ಬಳಿಗೆ ಹೋಗಿದ್ದೆ. ನನ್ನ ಪಿಯಾನೊವನ್ನು ಕತ್ತರಿ ಆಕಾರದ ಸ್ಟ್ಯಾಂಡಿನ ಮೇಲೆ ತೀರ ಎತ್ತರದಲ್ಲಿ ಇಟ್ಟಿದ್ದೆ, ಕುರ್ಚಿ ತಗ್ಗು, ಮಣಿಕಟ್ಟು ಮಡಿಚಿಕೊಂಡು ಮೇಲಕ್ಕೇರುತ್ತಿತ್ತು. ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಎತ್ತರ ಹೊಂದಿಸುವ ಬೆಂಚು ತಂದ ಮೇಲೆ ನೋವು ಹೋಯಿತು, ಎಡಗೈ ಕಾರ್ಡ್ ಬದಲಿಸುವ ಕಷ್ಟದಲ್ಲಿ ಅರ್ಧಪಾಲೂ ಹೋಯಿತು. ಕೆರೆದಂಡೆಯವರೆ, ನೀವು ಯಾವುದರ ಮೇಲೆ ಕೂರುತ್ತಿದ್ದೀರಿ?

ಎಂಬತ್ತೆಂಟು ಮನೆ · ಬೆಂಗಳೂರು

ಸ್ಕೇಲಿನ ಮಾತಿನಲ್ಲಿ ನೀವು ಹೇಳಿದ್ದೇ ಸರಿ. ಕೈ ಕದಲುವ ಕಡೆಯ ಅಂಕಿಗಳನ್ನು ಉಳಿಸಿ ಎಂದು ನಾನು ಬರೆದದ್ದು ಅದಕ್ಕೇ. ಕುರ್ಚಿಯ ವಿಷಯವನ್ನು ನಾನೇ ಮೊದಲು ಕೇಳಬೇಕಿತ್ತು. ಎದುರಿಗೆ ಕುಳಿತವರನ್ನು ಕಣ್ಣಿಂದ ನೋಡಿಯೇ ಅಭ್ಯಾಸವಾಗಿ ಮರೆತೆ.

ಒಂಟಿಕೊಪ್ಪಲು ಓದುಗ · ಮೈಸೂರು

ವೀಣೆ ಬಿಟ್ಟು ಪಿಯಾನೊ ಏಕೆ ಎಂದ ಸಹೋದ್ಯೋಗಿಗೆ ಜಯಚಾಮರಾಜ ಒಡೆಯರ ಕಥೆಯನ್ನು ಹೇಳಿ. ಅವರು ಪಿಯಾನೊವನ್ನು ಗಂಭೀರವಾಗಿ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿಯೂ ಅವರಿಗಿತ್ತು. ಆದರೆ 1940ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ ಪಟ್ಟಕ್ಕೆ ಬರಬೇಕಾಯಿತು. ಮುಂದೆ ರಷ್ಯಾದ ಪಿಯಾನೊ ವಾದಕ ಮತ್ತು ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಇಂಗ್ಲೆಂಡಿನಲ್ಲಿ ವಯಸ್ಸಾಗಿ, ಕಾಯಿಲೆಯಲ್ಲಿದ್ದಾಗ ಅವರ ರಚನೆಗಳು ಅವರ ಕೈಯಲ್ಲೇ ಧ್ವನಿಮುದ್ರಿಕೆಯಾಗುವಂತೆ ಹಣ ಒದಗಿಸಿದವರು ಇದೇ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು (ವಾದ್ಯವೃಂದದೊಡನೆ ನುಡಿಸುವ ರಚನೆಯನ್ನು) ಅವರಿಗೆ ಅರ್ಪಿಸಿದರು. ಹಾಗೆಂದು ಒಡೆಯರು ನಮ್ಮ ಸಂಗೀತವನ್ನು ಬಿಟ್ಟವರೇನಲ್ಲ. ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳಿವೆ. ವೀಣೆಯ ಊರಿನಲ್ಲಿ ಪಿಯಾನೊ ಪರದೇಶಿಯೇನೂ ಅಲ್ಲ.

ಬಂದರು ರಸ್ತೆ · ಮಂಗಳೂರು

ನಮ್ಮ ಕಡೆ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತ ಬೆಳೆದವನು ನಾನು. ಎರಡು ಕೈ ಕೂಡಿಸುವ ಅಭ್ಯಾಸಕ್ಕೆ ನಾಲ್ಕು ಧ್ವನಿಯ ಸ್ತೋತ್ರಗೀತೆಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ, ಆದರೆ ಅದು ಈ ಪುಸ್ತಕ ಮುಗಿದ ಮೇಲಿನ ಮಾತು. ಮಧ್ಯದ ಹೊತ್ತಿಗೆ ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಅವರ ‘ಮಿಕ್ರೊಕಾಸ್ಮಾಸ್’ ಮೊದಲ ಸಂಪುಟ ನೋಡಬಹುದು. ಆರು ಸಂಪುಟಗಳಲ್ಲಿ 153 ರಚನೆಗಳಿವೆ; ಆರಂಭದವುಗಳಲ್ಲಿ ಎರಡೂ ಕೈ ಒಂದೇ ಹಾಡನ್ನು ನುಡಿಸುತ್ತವೆ, ಆಮೇಲೆ ನಿಧಾನವಾಗಿ ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ. ಎಡಗೈಯನ್ನು ಬರೀ ಕಾರ್ಡ್ ಒತ್ತುವ ಕೂಲಿಯಾಳು ಮಾಡದೆ ಅದಕ್ಕೂ ಹಾಡಲು ಕೊಡುವುದೇ ಅದರ ಹೆಚ್ಚುಗಾರಿಕೆ. ಕಿವಿಗೆ ಮೊದಮೊದಲು ವಿಚಿತ್ರ ಎನಿಸೀತು.

ಯಾರಾದರೂ ಹಳೆಯ ತಂತಿಯ ಪಿಯಾನೊ ಅಗ್ಗಕ್ಕೆ ಸಿಕ್ಕಿತೆಂದು ಕರಾವಳಿಗೆ ತರುವ ಯೋಚನೆಯಲ್ಲಿದ್ದರೆ, ಒಂದು ಮಳೆಗಾಲ ಕಾದು ನಿರ್ಧರಿಸಿ. ನಮ್ಮ ಮನೆಯದರಲ್ಲಿ ಜೂನ್ ಬಂದರೆ ಒತ್ತಿದ ಕೀ ಮೇಲೇಳುವುದಿಲ್ಲ.

ಕೆರೆದಂಡೆ · ಮೈಸೂರು

ಏಳು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಮೊದಲಿಗೆ ನ್ಯೂ ಜೆರ್ಸಿಯವರ ಪ್ರಶ್ನೆಗೆ ಉತ್ತರ: ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೊಂದು ದಿಂಬು. ಈಗ ದಿಂಬಿನ ಕೆಳಗೆ ಹಳೆಯ ಲೆಡ್ಜರ್ ಪುಸ್ತಕಗಳೆರಡನ್ನು ಇಟ್ಟಿದ್ದೇನೆ, ಮೊಣಕೈ ಮಟ್ಟಕ್ಕೆ ಬಂದಿದೆ.

ಅಂಕಿಗಳನ್ನು ಹೊಡೆದುಹಾಕಿ ಪುಸ್ತಕವನ್ನು 12ನೆಯ ಪುಟದಿಂದ ಮತ್ತೆ ಓದಿದೆ. ಮೊದಲ ಹತ್ತು ದಿನ ಯಾವ ಹಾಡೂ ಕೈಗೆ ಬರಲಿಲ್ಲ, ಐದು ತಿಂಗಳು ನೀರಿನಲ್ಲಿ ಹೋಮವಾಯಿತೆಂದೇ ಅನಿಸಿತು. ಹೆಬ್ಬೆರಳನ್ನು ಗೂಟದಂತೆ ಬಿಟ್ಟು ಸಿ ಇಂದ ಜಿ7 ಗೆ ಶಬ್ದವಿಲ್ಲದೆ ಹೋಗಿಬರುವುದನ್ನು ರಾತ್ರಿ ಮಾತ್ರವಲ್ಲ, ಬ್ಯಾಂಕಿನಲ್ಲಿ ಸರ್ವರ್ ನಿಂತಾಗ ಮೇಜಿನ ಅಂಚಿನ ಮೇಲೂ ಮಾಡಿದೆ. ಬಾರಿನ ಗೆರೆಯ ಆಚೀಚೆ ಎರಡೇ ಎಣಿಕೆ ನುಡಿಸುವ ಅಭ್ಯಾಸ ಎಷ್ಟು ನೀರಸವೋ ಅಷ್ಟೇ ಫಲ ಕೊಟ್ಟಿತು. ಮೂರನೆಯ ವಾರದ ಒಂದು ರಾತ್ರಿ, ಮೆಟ್ರೊನೋಮನ್ನು (ಎಣಿಕೆಗೆ ಟಿಕ್ ಎನ್ನುವ ಸಾಧನವನ್ನು) ನಿಮಿಷಕ್ಕೆ 60ಕ್ಕೆ ಇಟ್ಟುಕೊಂಡು ನುಡಿಸುತ್ತಿದ್ದಾಗ, ಎಡಗೈ ಕಿರುಬೆರಳು ನಾನು ಹೇಳುವ ಮೊದಲೇ ಬಿ ಮೇಲೆ ಹೋಗಿ ಕುಳಿತಿತ್ತು. ನಾನು ಗಾಬರಿಯಾಗಿ ನುಡಿಸುವುದನ್ನೇ ನಿಲ್ಲಿಸಿಬಿಟ್ಟೆ.

ಈಗ ಆ ರಚನೆ ಕೊನೆಯವರೆಗೂ ನಿಲ್ಲದೆ ಬರುತ್ತದೆ, ‘ಸಂತತಂ ಪಾಹಿಮಾಂ’ ಬಲಗೈಯಲ್ಲಿ ಬರುತ್ತದೆ. ಹಳೆಯ ಪುಟದ 24 ಸ್ವರಗಳನ್ನು ಓದಲು 40 ಸೆಕೆಂಡು ಸಾಕು. ಆದರೆ ಪುಸ್ತಕ ಮುಂದಿನ ಪಾಠದಲ್ಲಿ ಎಫ್ ಕಾರ್ಡನ್ನೂ ಸಸ್ಟೇನ್ ಪೆಡಲನ್ನೂ (ಕೀ ಬಿಟ್ಟ ಮೇಲೂ ಧ್ವನಿ ಉಳಿಸುವ, ಕಾಲಿನಿಂದ ಒತ್ತುವ ಪೆಡಲ್) ಒಟ್ಟಿಗೆ ತಂದಿದೆ. ಕಾರ್ಡ್ ಬದಲಿಸುವಾಗಲೇ ಪೆಡಲ್ ಒತ್ತಿದರೆ ಹಿಂದಿನ ಕಾರ್ಡ್ ಮುಂದಿನದಕ್ಕೆ ಕಲಸಿಕೊಂಡು ಎಲ್ಲವೂ ಮುದ್ದೆಯಾಗುತ್ತದೆ. ಮೇಡಂ, ಕಾಲಿಗೂ ಇದೇ ರೀತಿಯ ಅಭ್ಯಾಸವಿದೆಯೆ?

ಎಂಬತ್ತೆಂಟು ಮನೆ · ಬೆಂಗಳೂರು

ಕಿರುಬೆರಳು ತಾನಾಗಿ ಹೋಗಿ ಕುಳಿತ ಸುದ್ದಿ ಓದಿ ಬಹಳ ಸಂತೋಷವಾಯಿತು. ಎಫ್ ಕಾರ್ಡ್ ನಿಮಗೆ ಕಷ್ಟವಾಗದು: ಈ ಬಾರಿ ಗೂಟವಾಗುವುದು ಕಿರುಬೆರಳು. ಅದು ಸಿ ಮೇಲೇ ಇರುತ್ತದೆ, ತೋರುಬೆರಳು ಎಫ್ ಮೇಲೆ ಬರುತ್ತದೆ, ಹೆಬ್ಬೆರಳು ಜಿ ಇಂದ ಎ ಗೆ ಒಂದು ಹೆಜ್ಜೆ ಹೊರಗೆ ಹೋಗುತ್ತದೆ.

ಪೆಡಲಿನಲ್ಲಿ ಕಾಲು ಕೈಯ ಜೊತೆ ಇಳಿಯಬಾರದು, ಕೈಯ ಹಿಂದೆ ಬರಬೇಕು. ಹೊಸ ಕಾರ್ಡನ್ನು ಒತ್ತುವ ಕ್ಷಣಕ್ಕೆ ಕಾಲು ಮೇಲೇಳುತ್ತದೆ. ಆ ಕಾರ್ಡ್ ಸ್ಪಷ್ಟವಾಗಿ ಕೇಳಿಸಿದ ಮೇಲೆ, ಕೀಗಳನ್ನು ಇನ್ನೂ ಒತ್ತಿ ಹಿಡಿದಿರುವಾಗಲೇ, ಕಾಲು ಕೆಳಗಿಳಿಯುತ್ತದೆ. ಹಿಮ್ಮಡಿ ನೆಲ ಬಿಡಬಾರದು. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಮೂರೇ ಕಾರ್ಡುಗಳನ್ನು ಒಂದೊಂದಕ್ಕೆ ನಾಲ್ಕು ಎಣಿಕೆಯಂತೆ ನುಡಿಸಿ. ಒಂದಕ್ಕೆ ಕೈ ಇಳಿದು ಕಾಲು ಏಳಲಿ, ಎರಡಕ್ಕೆ ಕಾಲು ಇಳಿಯಲಿ. ಇದನ್ನು ಮಾಡುವಾಗ ಒಂದೆರಡು ದಿನ ಹೆಡ್‌ಫೋನ್ ತೆಗೆದು, ಮನೆಯವರು ಎದ್ದಿರುವ ಹೊತ್ತಿನಲ್ಲಿ ನುಡಿಸಿ. ಮುದ್ದೆಯಾಯಿತೇ ಇಲ್ಲವೇ ಎಂಬುದು ಅಡುಗೆಮನೆಯಲ್ಲಿದ್ದವರಿಗೆ ನಿಮಗಿಂತ ಮೊದಲು ತಿಳಿಯುತ್ತದೆ.